ಪಾತ್ರಿಯೋ, ಡಾಕ್ಟರೋ? ಕೋಟದ ಜನ ಕೊಟ್ಟ ಉತ್ತರ

ಮನೆಯಲ್ಲಿ ಯಾರಾದರೂ ಮಂಕಾಗಿ ಕೂತರೆ ಊರಿನಲ್ಲಿ ಅಜ್ಜಿ ದೃಷ್ಟಿ ತೆಗೆಯುತ್ತಾರೆ, ಹರಕೆ ಹೊರುತ್ತಾರೆ. ಇಲ್ಲಿ ಸಿಡ್ನಿ, ಮೆಲ್ಬರ್ನ್‌ನಲ್ಲಿ ಶಾಲೆಯವರು ಕೌನ್ಸೆಲರ್ ಹತ್ತಿರ ಕಳಿಸುತ್ತಾರೆ. ಇವೆರಡರಲ್ಲಿ ಒಂದನ್ನೇ ಆರಿಸಬೇಕೇ?

ಉಡುಪಿ ಜಿಲ್ಲೆಯ ಕೋಟ ನಿಮಗೆ ಗೊತ್ತಿರಬಹುದು. ಅದು ಶಿವರಾಮ ಕಾರಂತರು ಹುಟ್ಟಿದ ಊರು. ಮನೋವೈದ್ಯರಾದ ಕಾರ್‌ಸ್ಟೇರ್ಸ್ ಮತ್ತು ಆರ್. ಎಲ್. ಕಪೂರ್ ಅಲ್ಲಿನ ಜನರ ಮಾನಸಿಕ ಆರೋಗ್ಯವನ್ನು ಅಧ್ಯಯನ ಮಾಡಿ, 1976ರಲ್ಲಿ 'ದಿ ಗ್ರೇಟ್ ಯೂನಿವರ್ಸ್ ಆಫ್ ಕೋಟ' ಎಂಬ ಪುಸ್ತಕ ಪ್ರಕಟಿಸಿದರು. ಆಗ ಅಲ್ಲಿ ಮೂರು ಬಗೆಯ ಸಾಂಪ್ರದಾಯಿಕ ಚಿಕಿತ್ಸಕರಿದ್ದರು. ವೈದ್ಯರು ಗಿಡಮೂಲಿಕೆ ಮದ್ದು ಕೊಡುತ್ತಿದ್ದರು. ಮಂತ್ರವಾದಿಗಳು ಮಂತ್ರ, ಯಂತ್ರ ಮಾಡುತ್ತಿದ್ದರು. ಪಾತ್ರಿಗಳ ಮೈಮೇಲೆ ದೈವ ಬಂದು ಮಾತಾಡುತ್ತಿತ್ತು. ಜನ ಇವರ ಹತ್ತಿರವೂ ಹೋಗುತ್ತಿದ್ದರು, ಇಂಗ್ಲಿಷ್ ಮದ್ದಿನ ಡಾಕ್ಟರ ಹತ್ತಿರವೂ ಹೋಗುತ್ತಿದ್ದರು. ಅವರಿಗೆ ಅದರಲ್ಲಿ ವಿರೋಧವೇ ಕಾಣಲಿಲ್ಲ.

ಪಾತ್ರಿಯ ಮುಂದೆ ಮನೆಯವರೂ ಸೇರುತ್ತಾರೆ. ಹೇಳಲಾಗದ ಕಷ್ಟಕ್ಕೆ ಒಂದು ಹೆಸರು ಸಿಗುತ್ತದೆ, ಮುಂದೇನು ಮಾಡಬೇಕೆಂದೂ ತಿಳಿಯುತ್ತದೆ. ಯೋಚಿಸಿ ನೋಡಿ, ಒಳ್ಳೆಯ ಕೌನ್ಸೆಲರ್ ಮಾಡುವುದೂ ಹೆಚ್ಚುಕಡಿಮೆ ಇದನ್ನೇ!

ಆಧುನಿಕ ಚಿಕಿತ್ಸೆಯೂ ಧರ್ಮಗಳಿಂದ ಕಲಿತಿದೆ. 1973ರಲ್ಲಿ ಜೆ. ಎಸ್. ನೇಕಿ ಎಂಬ ಭಾರತೀಯ ಮನೋವೈದ್ಯರು ಗುರು-ಶಿಷ್ಯ ಸಂಬಂಧವೇ ಚಿಕಿತ್ಸೆಗೆ ಮಾದರಿಯಾಗಬಹುದು ಎಂದು ಬರೆದರು. 1979ರಲ್ಲಿ ಅಮೆರಿಕದ ಜಾನ್ ಕಬಾಟ್-ಜಿನ್ ಬೌದ್ಧ ಧ್ಯಾನವನ್ನು ಆಸ್ಪತ್ರೆಗೆ ತಂದರು. ನಮ್ಮ ಶಾಲೆಗಳಲ್ಲಿ ಕಲಿಸುವ 'ಮೈಂಡ್‌ಫುಲ್‌ನೆಸ್' ಬೆಳೆದದ್ದು ಹೀಗೆ. ಮಧ್ಯ ಆಸ್ಟ್ರೇಲಿಯಾದಲ್ಲಿ ನಂಗ್‌ಕರಿ ಎಂಬ ಮೂಲನಿವಾಸಿ ಚಿಕಿತ್ಸಕರು ಇಂದಿಗೂ ಕ್ಲಿನಿಕ್‌ಗಳಲ್ಲಿ ಡಾಕ್ಟರ ಜೊತೆ ಕೆಲಸ ಮಾಡುತ್ತಾರೆ.

ಆದರೆ ನಂಬಿಕೆಯ ಹೆಸರಿನಲ್ಲಿ ಅನ್ಯಾಯವೂ ಆಗಿದೆ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ, ದರ್ಗಾದ ಹತ್ತಿರದ ಒಂದು ಖಾಸಗಿ ಆಶ್ರಯಧಾಮಕ್ಕೆ ಬೆಂಕಿ ಬಿತ್ತು. ಸರಪಳಿಯಲ್ಲಿ ಕಟ್ಟಿಹಾಕಿದ್ದ ರೋಗಿಗಳು ಓಡಲಾಗದೆ ಸುಟ್ಟುಹೋದರು. ಭಾರತದ 2017ರ ಮಾನಸಿಕ ಆರೋಗ್ಯ ಕಾಯ್ದೆ ಸರಪಳಿ ಹಾಕುವುದನ್ನು ನಿಷೇಧಿಸಿದೆ.

ಹಾಗಾದರೆ ನಾವೇನು ಮಾಡಬೇಕು? ಅಪ್ಪ ಅಮ್ಮಂದಿರೇ, ದೇವಸ್ಥಾನಕ್ಕೆ ಖಂಡಿತ ಕರೆದುಕೊಂಡು ಹೋಗಿ. ಆದರೆ ಮಗ ಅಥವಾ ಮಗಳು "ಕೌನ್ಸೆಲರ್ ಹತ್ತಿರ ಹೋಗಬೇಕು" ಅಂದರೆ "ಜನ ಏನಂದಾರು" ಎನ್ನಬೇಡಿ, ಜಿಪಿ ಹತ್ತಿರವೂ ಕರೆದುಕೊಂಡು ಹೋಗಿ. ಗೆಳೆಯರೇ, ಮನೆಯಲ್ಲಿ ಹೇಳಲು ಕಷ್ಟವಾದರೆ ಕಿಡ್ಸ್ ಹೆಲ್ಪ್‌ಲೈನ್‌ಗೆ ಫೋನ್ ಮಾಡಿ: 1800 55 1800. ಕೋಟದ ಜನ ಎರಡೂ ಬಾಗಿಲು ತಟ್ಟಿದರು. ನಾವೂ ತಟ್ಟಬಹುದು.