ಕಪಾಟಿನಿಂದ ಜಾಲತಾಣಕ್ಕೆ

ವಿಶ್ವವಿದ್ಯಾಲಯದ ಗ್ರಂಥಾಲಯಗಳು ಅಕ್ಕರೆಯಿಂದ ಕಟ್ಟಿದ ಜಾಲತಾಣಗಳಿಗೆ ವಿದ್ಯಾರ್ಥಿಗಳು ಕಾಲಿಡುವುದಿಲ್ಲ ಎಂಬ ದೂರು ಹಳೆಯದು. ಸೋಮಾರಿಗಳಾದ ಈಗಿನವರಿಗೆ ಗೂಗಲ್ ಬಿಟ್ಟರೆ ಬೇರೆ ಗತಿಯಿಲ್ಲ ಎಂಬ ಉತ್ತರವೂ ಸಿದ್ಧವಾಗಿಯೇ ಇದೆ. ಆದರೆ ವೆಬ್ ಹುಟ್ಟುವ ಎರಡು ದಶಕ ಮೊದಲೇ, 1968ರಲ್ಲಿ, ಅಮೆರಿಕದ ಸಂಶೋಧಕರಾದ ಗರ್ಸ್ಟ್‌ಬರ್ಗರ್ ಮತ್ತು ಅಲೆನ್ ಸಂಶೋಧನಾ ಎಂಜಿನಿಯರುಗಳ ನಡುವೆ ಇದೇ ನಡತೆಯನ್ನು ಕಂಡಿದ್ದರು. ಯಾವ ಮೂಲ ಶ್ರೇಷ್ಠ ಎನ್ನುವುದಕ್ಕಿಂತ ಯಾವುದು ಸುಲಭವಾಗಿ ಕೈಗೆಟುಕುತ್ತದೆ ಎಂಬುದೇ ಅವರ ಆಯ್ಕೆಯನ್ನು ತೀರ್ಮಾನಿಸುತ್ತಿತ್ತು. ಆ ಎಂಜಿನಿಯರುಗಳನ್ನು ಯಾರೂ ಸೋಮಾರಿಗಳೆನ್ನಲಿಲ್ಲ. 1931ರಲ್ಲಿ ಮದರಾಸಿನಲ್ಲಿ ಗ್ರಂಥಪಾಲಕ ಎಸ್. ಆರ್. ರಂಗನಾಥನ್ ಗ್ರಂಥಾಲಯ ವಿಜ್ಞಾನದ ತಮ್ಮ ಪಂಚಸೂತ್ರಗಳನ್ನು ವಿವರಿಸುವಾಗ ಗ್ರಂಥಾಲಯ ಎಲ್ಲಿರಬೇಕು, ಎಷ್ಟು ಹೊತ್ತು ತೆರೆದಿರಬೇಕು ಎಂದು ಚರ್ಚಿಸಿದ್ದೂ, ನಾಲ್ಕನೆಯ ಸೂತ್ರವನ್ನು ಓದುಗನ ಸಮಯ ಉಳಿಸುವುದಕ್ಕೇ ಮೀಸಲಿಟ್ಟದ್ದೂ ಇದೇ ಕಾರಣಕ್ಕೆ. ಅವರ ಕಾಲದಲ್ಲಿ ಅಡ್ಡಿಯಾಗಿದ್ದದ್ದು ಬೀಗ ಹಾಕಿದ ಕಪಾಟು, ಈಗ ಆ ಜಾಗಕ್ಕೆ ಪಾಸ್‌ವರ್ಡ್ ಬಂದಿದೆ.

ಓಸಿಎಲ್‌ಸಿ ಎಂಬ ಗ್ರಂಥಾಲಯಗಳ ಸಹಕಾರಿ ಸಂಸ್ಥೆ ಭಾರತವೂ ಸೇರಿ ಆರು ದೇಶಗಳಲ್ಲಿ ನಡೆಸಿ 2005ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ 84% ಜನ ಹುಡುಕಾಟವನ್ನು ಸರ್ಚ್ ಎಂಜಿನ್‌ನಿಂದ ಆರಂಭಿಸುವುದಾಗಿ ಹೇಳಿದ್ದರು. ಗ್ರಂಥಾಲಯದ ಜಾಲತಾಣದಿಂದ ಆರಂಭಿಸುವವರು 1% ಮಾತ್ರ. ತಾಣವನ್ನು ಅಂದಗೊಳಿಸಿದರೆ ಸಾಕು ಎನ್ನುವವರಿದ್ದಾರೆ. ನಾರ್ತ್ ಕೆರೊಲಿನಾ ಸ್ಟೇಟ್ ವಿಶ್ವವಿದ್ಯಾಲಯ 2006ರಲ್ಲಿ ತನ್ನ ಕ್ಯಾಟಲಾಗನ್ನು ಅಂಗಡಿ ತಾಣಗಳ ಮಾದರಿಯಲ್ಲಿ, ವಿಷಯ, ಲೇಖಕ, ಪ್ರಕಾರಗಳಿಂದ ಸೋಸಿ ನೋಡುವಂತೆ ಬದಲಿಸಿತು. ಅದು ಒಳ್ಳೆಯ ಸುಧಾರಣೆಯೇ. ಆದರೆ ಅದರಿಂದ ಉಪಕಾರವಾಗುವುದು ಆಗಲೇ ಒಳಗೆ ಬಂದವರಿಗೆ. ಬೀದಿಯಲ್ಲಿರುವವರನ್ನು ಕರೆತರುವ ಬಗೆ ಬೇರೆ. ಅದಕ್ಕೆ ಭಾರತದಲ್ಲೇ ಒಂದು ಉದಾಹರಣೆಯಿದೆ. ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2009ರ ನಿಯಮದಲ್ಲಿ ಪಿಎಚ್‌ಡಿ ಪ್ರಬಂಧಗಳ ವಿದ್ಯುನ್ಮಾನ ಪ್ರತಿಯನ್ನು ಕಡ್ಡಾಯಗೊಳಿಸಿತು. ಅದರ ಗ್ರಂಥಾಲಯ ಜಾಲ ಕೇಂದ್ರವಾದ ಇನ್‌ಫ್ಲಿಬ್‌ನೆಟ್ ಅವುಗಳಿಗಾಗಿ ಶೋಧಗಂಗಾ ಭಂಡಾರವನ್ನು ಕಟ್ಟಿತು. ಒಂದೊಂದು ವಿಶ್ವವಿದ್ಯಾಲಯದ ಬೀರುವಿನಲ್ಲಿ ಧೂಳು ಹಿಡಿಯುತ್ತಿದ್ದ ಪ್ರಬಂಧಗಳು ಈಗ ಗೂಗಲ್ ಹುಡುಕಾಟದಲ್ಲೇ ಕಣ್ಣಿಗೆ ಬೀಳುತ್ತವೆ. ಓದುಗ ಭಂಡಾರದ ಮುಖಪುಟವನ್ನು ನೋಡಲೇಬೇಕಿಲ್ಲ.

ಹಾಗಾದರೆ ಗ್ರಂಥಾಲಯವೇ ಬೇಡವೇ ಎಂಬ ಆಕ್ಷೇಪಕ್ಕೆ ತೂಕವಿದೆ. ಆದರೆ ಕ್ಯಾಂಪಸ್ಸಿನೊಳಗೆ ಕುಳಿತವನು ಗೂಗಲ್ ಸ್ಕಾಲರ್‌ನಲ್ಲಿ ಒಂದು ಲೇಖನವನ್ನು ಒತ್ತಿದಾಗ ಪುಟ ತಕ್ಷಣ ತೆರೆದುಕೊಂಡರೆ, ಬಹುಪಾಲು ಅದರ ಹಿಂದೆ ಗ್ರಂಥಾಲಯ ಕಟ್ಟಿದ ಚಂದಾ ಇರುತ್ತದೆ. ಪ್ರಕಾಶಕರ ಕಂಪ್ಯೂಟರು ಕ್ಯಾಂಪಸ್ಸಿನ ಐಪಿ ವಿಳಾಸವನ್ನು ಗುರುತಿಸಿ ಬಾಗಿಲು ತೆಗೆಯುತ್ತದೆ. ಗ್ರಂಥಾಲಯದ ಹೆಸರು ಅವನ ಕಣ್ಣಿಗೆ ಬೀಳುವುದು ಅಪರೂಪ. ಜಾಲತಾಣದ ಭೇಟಿಗಳನ್ನಷ್ಟೇ ಎಣಿಸಿ ಬಜೆಟ್ ಕತ್ತರಿಸುವ ಆಡಳಿತಕ್ಕೆ ಈ ಓದು ಲೆಕ್ಕಕ್ಕೇ ಸಿಗುವುದಿಲ್ಲ.