ರಕ್ತಪಾಯಿ ಪ್ರೇತವೂ ಚಲಚ್ಚಿತ್ರವೂ

ವಯಸ್ಸಾದ ಉಪಾಧ್ಯಾಯನೊಬ್ಬನು ಪ್ರೇತಕಥೆಗಳನ್ನು ವಿಚಾರಿಸಹೊರಟರೆ ಕೆಲವರಿಗೆ ನಗು ಬರಬಹುದು. ಆದರೆ ಒಂದು ಕಾಲದ ಜನರು ಯಾವುದಕ್ಕೆ ಅಂಜುತ್ತಿದ್ದರೆಂಬುದನ್ನು ತಿಳಿದರೆ ಆ ಕಾಲದ ಚರಿತ್ರೆಯ ಅರ್ಧವನ್ನು ತಿಳಿದಂತೆಯೇ ಸರಿ. ಆದಕಾರಣ, ಪಾಶ್ಚಾತ್ಯರು 'ವ್ಯಾಂಪೈರ್' ಎಂದು ಕರೆಯುವ ರಕ್ತಪಾಯಿಯಾದ ಪ್ರೇತವು ಚಲಚ್ಚಿತ್ರದಲ್ಲಿ ತನ್ನ ಹಳೆಯ ವೇಷವನ್ನು ಕಳಚಿದ ಬಗೆಯನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸುವೆನು.

ಪೂರ್ವ ಯೂರೋಪಿನ ಹಳ್ಳಿಗರ ನಂಬಿಕೆಯಲ್ಲಿ ಇದು ಗೋರಿಯಿಂದೆದ್ದು ಬರುವ, ಊದಿಕೊಂಡ ಹೆಣವಷ್ಟೆ. 1819ರಲ್ಲಿ ಪಾಲಿಡೊರಿಯು ಇಂಗ್ಲಿಷ್ ಕಥೆಯೊಂದರಲ್ಲಿ ಇದಕ್ಕೆ ಶ್ರೀಮಂತನ ರೂಪವನ್ನು ಕೊಟ್ಟನು. 1897ರಲ್ಲಿ ಐರ್ಲೆಂಡಿನ ಬ್ರಾಮ್ ಸ್ಟೋಕರನು 'ಡ್ರಾಕುಲಾ' ಕಾದಂಬರಿಯಿಂದ ಆ ರೂಪವನ್ನು ಸ್ಥಿರಪಡಿಸಿದನು. ದುರ್ಗಮವಾದ ಪರ್ವತ, ಪಾಳುಕೋಟೆ, ಪ್ರಾಚೀನ ವಂಶದ ಪಾಪ, ಶಿಲುಬೆಗೆ ಅಂಜುವ ಪ್ರಭು—ಇವೇ 'ಗಾಥಿಕ್' ಸಂಪ್ರದಾಯದ ಲಕ್ಷಣಗಳು.

1922ರಲ್ಲಿ ಜರ್ಮನಿಯ ಮುರ್ನೌ ಎಂಬಾತನು 'ನೊಸ್ಫೆರಾಟು' ಎಂಬ ಮೂಕಚಿತ್ರವನ್ನು ತೆಗೆದನು. ಅನುಮತಿಯಿಲ್ಲದೆ ಕಥೆಯನ್ನು ಬಳಸಿದುದಕ್ಕಾಗಿ ಸ್ಟೋಕರನ ಪತ್ನಿಯು ದಾವೆ ಹೂಡಲು, 1925ರಲ್ಲಿ ನ್ಯಾಯಾಲಯವು ಪ್ರತಿಗಳನ್ನೆಲ್ಲ ನಾಶಮಾಡುವಂತೆ ಆಜ್ಞಾಪಿಸಿತು. ದೈವವಶಾತ್ ಕೆಲವು ಉಳಿದುವು. ಮೂಲ ಕಾದಂಬರಿಯ ಪ್ರಭುವು ಹಗಲಿನಲ್ಲಿಯೂ ಸಂಚರಿಸಬಲ್ಲನು. ಸೂರ್ಯಕಿರಣ ತಾಗಿ ಆತನು ಅಳಿಯುವುದು ಈ ಚಿತ್ರದ ಕಲ್ಪನೆ. ನಾವು ಸನಾತನವೆಂದು ಭಾವಿಸುವುದು ಹಲವು ವೇಳೆ ನಿನ್ನೆಯ ನೂತನವೇ ಆಗಿರುವುದೆಂಬುದಕ್ಕೆ ಇದೊಂದು ನಿದರ್ಶನ. 1931ರ ಅಮೆರಿಕದ ವಾಕ್ಚಿತ್ರದಲ್ಲಿ ಬೇಲಾ ಲುಗೋಸಿಯೂ, 1958ರ ಇಂಗ್ಲೆಂಡಿನ ವರ್ಣಚಿತ್ರದಲ್ಲಿ ಕ್ರಿಸ್ಟೊಫರ್ ಲೀಯೂ ಪ್ರಭುವಿನ ವೇಷವನ್ನು ಜನಮನದಲ್ಲಿ ನೆಲೆಗೊಳಿಸಿದರು.

ಆ ಬಳಿಕ ಕೋಟೆಯು ಕುಸಿಯತೊಡಗಿತು. 1970ರ ದಶಕದ ಕೊನೆಯಲ್ಲಿ ಜಾರ್ಜ್ ರೊಮೆರೋ ತೆಗೆದ 'ಮಾರ್ಟಿನ್' ಚಿತ್ರದ ಯುವಕನಿಗೆ ಕೋರೆದಾಡೆಗಳಿಲ್ಲ. ಸೂಜಿಯೂ ಕ್ಷೌರದ ಅಲಗೂ ಅವನ ಆಯುಧಗಳು. ಬೆಳ್ಳುಳ್ಳಿಯಾಗಲಿ ಶಿಲುಬೆಯಾಗಲಿ ಅವನನ್ನು ಬಾಧಿಸವು. ಅವನು ಪ್ರೇತವೋ ಚಿತ್ತರೋಗಿಯೋ ಎಂಬುದನ್ನು ಚಿತ್ರವು ನಿರ್ಣಯಿಸುವುದಿಲ್ಲ. 1987ರಲ್ಲಿ ಕ್ಯಾಥರಿನ್ ಬಿಗೆಲೋ ತೆಗೆದ 'ನಿಯರ್ ಡಾರ್ಕ್' ಚಿತ್ರದಲ್ಲಿ 'ವ್ಯಾಂಪೈರ್' ಎಂಬ ಶಬ್ದವೇ ಉಚ್ಚರಿತವಾಗುವುದಿಲ್ಲ. ಅಲ್ಲಿನವರು ಗಾಡಿಯ ಕಿಟಕಿಗಳನ್ನು ಮುಚ್ಚಿಕೊಂಡು ಹೆದ್ದಾರಿಗಳಲ್ಲಿ ಅಲೆಯುವ ಅಲೆಮಾರಿಗಳು. ಅವರ ವ್ಯಾಧಿಗೆ ಮಂತ್ರವಲ್ಲ, ಅನ್ಯರ ರಕ್ತವನ್ನು ಮೈಗೇರಿಸುವುದೇ ಮದ್ದು.

ಈ ಪಂಕ್ತಿಯಲ್ಲಿ ನನ್ನನ್ನು ಬಹುವಾಗಿ ಕಲಕಿದುದು 2008ರಲ್ಲಿ ಸ್ವೀಡನ್ನಿನ ತೋಮಾಸ್ ಆಲ್ಫ್ರೆಡ್ಸನ್ ತೆಗೆದ 'ಲೆಟ್ ದ ರೈಟ್ ಒನ್ ಇನ್'. ಮೊಮ್ಮಗನ ಒತ್ತಾಯದಿಂದ ಅದನ್ನು ನೋಡಿದೆನು. ಸ್ಟಾಕ್‌ಹೋಮಿನ ಹೊರವಲಯ, ಹಿಮ, ಸಾಲುಸಾಲಾದ ವಸತಿಗೃಹಗಳು. ಸಹಪಾಠಿಗಳಿಂದ ಪ್ರತಿದಿನವೂ ಹಿಂಸೆಗೊಳಗಾಗುವ ಹನ್ನೆರಡು ವರ್ಷದ ಆಸ್ಕರ್ ಎಂಬ ಬಾಲಕನಿಗೆ ಪಕ್ಕದ ಮನೆಗೆ ಬಂದ ಎಲಿ ಎಂಬ ಬಾಲಪ್ರೇತವೊಂದೇ ಸ್ನೇಹ. ಗೋಡೆಯನ್ನು ತಟ್ಟಿ ಸಂಕೇತಗಳಿಂದ ಅವರು ಮಾತಾಡುವರು. ಹಳೆಯ ನಿಯಮಗಳಲ್ಲೊಂದು ಇಲ್ಲಿ ಉಳಿದಿದೆ. ಅದೆಂತೆಂದರೆ, ಕರೆಯದೆ ಪ್ರೇತವು ಮನೆಯ ಹೊಸಲನ್ನು ದಾಟಬಾರದು. ಕರೆಯದಿದ್ದರೆ ಏನಾಗುವುದೆಂದು ಬಾಲಕನು ಹುಡುಗಾಟಕ್ಕೆ ಪರೀಕ್ಷಿಸಲು, ಒಳಗೆ ಬಂದ ಎಲಿಯ ಮೈಯಿಂದಲೇ ರಕ್ತವು ಒಸರುವುದು. ಆತನು ಬೆದರಿ, ತಬ್ಬಿಕೊಂಡು, ಒಳಗೆ ಕರೆಯುವನು. ಸ್ಟೋಕರನಲ್ಲಿ ಈ ನಿಯಮವು ಮನೆಯವರಿಗೆ ರಕ್ಷೆ. ಇಲ್ಲಿ ಅನಾದರದಿಂದ ನೋಯುವವನ ವೇದನೆ. ಸಂಪ್ರದಾಯವನ್ನು ಮುರಿದವರು ಅದರ ಮರ್ಮವನ್ನು ಅರಿತೇ ಮುರಿದರು.

1870ರಲ್ಲಿ ರಿಚರ್ಡ್ ಬರ್ಟನ್ ನಮ್ಮ ಬೇತಾಳಕಥೆಗಳನ್ನು ಇಂಗ್ಲಿಷಿನಲ್ಲಿ ಬರೆದಾಗ ಬೇತಾಳನನ್ನು 'ವ್ಯಾಂಪೈರ್' ಎಂದೇ ಕರೆದನು. ಆ ಹೆಸರು ಅಷ್ಟಾಗಿ ಒಪ್ಪುವುದಿಲ್ಲ. ಬೇತಾಳನು ಕತ್ತು ಕಚ್ಚುವವನಲ್ಲ, ರಾಜನನ್ನು ಪ್ರಶ್ನಿಸುವವನು. ಉತ್ತರವನ್ನು ಬಲ್ಲವನು ಮೌನವಾಗಿದ್ದರೆ ತಲೆಯೊಡೆಯುವುದೆಂಬುದು ಅವನ ನಿಬಂಧನೆ. ಹೊಸ ಚಿತ್ರಗಳ ಪ್ರೇತವು ಬೆದರಿಕೆಯನ್ನು ಬಿಟ್ಟು ಬೇತಾಳನಂತೆ ಪ್ರಶ್ನೆಗೆ ತೊಡಗಿದೆ.

ನನ್ನ ತರಗತಿಯ ಕಡೆಯ ಬೆಂಚಿನಲ್ಲಿಯೂ ಒಬ್ಬ ಬಾಲಕನಿದ್ದನು. ಅಂಗಿ ಹರಿದಿದ್ದಾಗ, ತುಟಿ ಒಡೆದಿದ್ದಾಗ, ಕೇಳಿದರೆ 'ಬಿದ್ದೆ, ಸಾರ್' ಎನ್ನುತ್ತಿದ್ದನು. ಬಿದ್ದುದಲ್ಲವೆಂದು ನಾನು ಬಲ್ಲೆನು. ಆದರೂ ಪಾಠವನ್ನು ಮುಂದುವರಿಸಿದೆನು. ಮರುವರ್ಷ ಅವನು ಶಾಲೆಗೆ ಬರಲಿಲ್ಲ. ನನ್ನ ತಲೆಯೇನೂ ಒಡೆಯಲಿಲ್ಲ. ಆದರೆ ಚಿತ್ರವು ಮುಗಿದ ಆ ರಾತ್ರಿ ಪಕ್ಕದ ಗೋಡೆಯನ್ನು ಯಾರೋ ತಟ್ಟಿದಂತಾಗಿ ಬಹಳ ಹೊತ್ತು ನಿದ್ರೆ ಬರಲಿಲ್ಲ.