ನೂರಕ್ಕೆ ನೂರು

ಮಾಸ್ತರಿಕೆಯಿಂದ ನಿವೃತ್ತನಾದ ಮೇಲೂ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ಪತ್ರಿಕೆ ಕೈಗೆತ್ತಿಕೊಳ್ಳಲು ನನಗೆ ಅಂಜಿಕೆ. ಜಿಲ್ಲೆಗಳ ಪಟ್ಟಿಯನ್ನು ನಾನು ಕೆಳಗಿನಿಂದ ಮೇಲಕ್ಕೆ ಓದುತ್ತೇನೆ. ನಮ್ಮ ರಾಯಚೂರು ಬೇಗ ಸಿಕ್ಕಿಬಿಡುತ್ತದೆ. 'ನಿಮ್ಮ ಕಡೆಯ ಹುಡುಗರಿಗೆ ಓದು ಹತ್ತುವುದಿಲ್ಲ' ಎಂದು ಬೆಂಗಳೂರಿನ ಗೆಳೆಯರು ಹೇಳುವುದುಂಟು. ನನಗೆ ಸಿಟ್ಟು ಬರುವುದಿಲ್ಲ. ನೂರಕ್ಕೆ ನೂರು ಫಲಿತಾಂಶ ತರುವುದು ಹೇಗೆಂದು ನನಗೆ ಗೊತ್ತು. ಒಮ್ಮೆ ನಾನೇ ತಂದಿದ್ದೇನೆ.

ಅದನ್ನು ಹೇಳುವ ಮೊದಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ನನ್ನ ತಂದೆ ಓದಿದ್ದು ನಿಜಾಮರ ಕಾಲದಲ್ಲಿ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಸರ್ಕಾರದ ಕಾಗದವೂ ಮೇಲ್ತರಗತಿಗಳ ಪಾಠವೂ ಉರ್ದು. ಓಣಿಯಲ್ಲಿ ಅವರೊಂದಿಗೆ ಆಡಿದ ಹುಡುಗರಲ್ಲಿ ಹೆಚ್ಚಿನವರು ಶಾಲೆಯ ಮೆಟ್ಟಿಲು ಹತ್ತಲಿಲ್ಲ. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಸಂಸ್ಥಾನ ಭಾರತದಲ್ಲಿ ಸೇರಿತು. 1956ರ ನವೆಂಬರ್ 1ರಂದು ರಾಯಚೂರು ಮೈಸೂರು ರಾಜ್ಯಕ್ಕೆ ಬಂತು. ಹಳೆಯ ಮೈಸೂರಿನ ಎಷ್ಟೋ ಊರುಗಳಲ್ಲಿ ಅಜ್ಜ ಓದಿದ ಕನ್ನಡ ಶಾಲೆ ನಮ್ಮ ಕಡೆ ಮೊಮ್ಮಗನ ಕಾಲಕ್ಕೆ ಬಂತೆಂದರೆ ತಪ್ಪಾಗಲಾರದು. ಒಂದೇ ಪ್ರಶ್ನೆಪತ್ರಿಕೆ ಬರೆಯುವ ಇಬ್ಬರು ಮಕ್ಕಳ ಹಿಂದೆ ಇಷ್ಟು ಅಂತರದ ಚರಿತ್ರೆಯಿದೆ.

ನಾನು 1988ರಲ್ಲಿ ಶಕ್ತಿನಗರದ ಆಸುಪಾಸಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗೆ ಸೇರಿದೆ. ಕೃಷ್ಣಾ ದಂಡೆಯ ದೇವಸೂಗೂರಿನ ಪಕ್ಕದಲ್ಲಿ ಶಾಖೋತ್ಪನ್ನ ವಿದ್ಯುತ್ ಕೇಂದ್ರದ 210 ಮೆಗಾವಾಟಿನ ಮೊದಲ ಘಟಕ 1985ರಲ್ಲಿ ಶುರುವಾಗಿತ್ತು. ಮುಂದೆ ಒಂದರ ಹಿಂದೊಂದು ಬಂದು ಎಂಟು ಘಟಕಗಳಾದವು, 1720 ಮೆಗಾವಾಟಾಯಿತು. ಕಾಯಂ ನೌಕರರಿಗೆ ಕಾಲನಿ. ಗುತ್ತಿಗೆದಾರರ ಕೈಕೆಳಗೆ ದುಡಿಯಲು ದೇವದುರ್ಗ, ಮಾನ್ವಿಯಿಂದ, ಹೊಳೆಯಾಚೆಯ ಮಹಬೂಬ್‌ನಗರ ಜಿಲ್ಲೆಯಿಂದ ಬಂದವರಿಗೆ ತಗಡಿನ ಶೆಡ್ಡು. ನಮ್ಮ ಶಾಲೆಗೆ ಬರುತ್ತಿದ್ದದ್ದು ಶೆಡ್ಡಿನ ಮಕ್ಕಳು. ದಾಖಲಾತಿ ಪುಸ್ತಕದಲ್ಲಿ ತಂದೆಯ ಉದ್ಯೋಗದ ಕಾಲಂ ತುಂಬುವುದು ಬಲು ಸುಲಭ. ಮೊದಲ ಸಾಲಿನಲ್ಲಿ 'ಕೂಲಿ' ಎಂದು ಬರೆದರೆ ಕೆಳಗೆಲ್ಲ ಎರಡೆರಡು ಗೀಟು ಎಳೆದರೆ ಸಾಕಿತ್ತು.

'ಮನೆಗೆಲಸ ಯಾಕೆ ಮಾಡಿಲ್ಲ?' ಎಂದು ಒಬ್ಬ ಹುಡುಗನನ್ನು ಗದರಿಸಿದೆ. ಕಿಟಕಿಯಾಚೆ ಹೊಗೆಯುಗುಳುತ್ತಿದ್ದ ಚಿಮಣಿಯ ಕಡೆ ಕೈ ಮಾಡಿ, 'ಅಷ್ಟ್ ದೊಡ್ಡ ಚಿಮಣಿ ಐತ್ರಿ ಸರ, ನಮ್ಮನ್ಯಾಗ ಚಿಮಣಿ ಎಣ್ಣಿ ಇಲ್ರಿ' ಅಂದ. ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆ.

ಆಗ ಏಳನೆಯ ತರಗತಿಗೆ ಪಬ್ಲಿಕ್ ಪರೀಕ್ಷೆ ಇತ್ತು. ಶಾಲೆಯ ಮಾನವೆಲ್ಲ ಆ ಶೇಕಡಾವಾರಿನಲ್ಲಿ. 1993ರ ತಂಡದಲ್ಲಿ ದೇವದುರ್ಗದ ಕಡೆಯ ಒಬ್ಬಳು ಹುಡುಗಿ ಇದ್ದಳು. ಬಾಯಿಲೆಕ್ಕದಲ್ಲಿ ಚುರುಕು, ಬರವಣಿಗೆಯಲ್ಲಿ ಹಿಂದೆ. ದೀಪಾವಳಿ ಮುಗಿದ ಮೇಲೆ ಅವ್ವನ ಸಂಗಡ ಮಾನ್ವಿಯ ಕಡೆ ಹತ್ತಿ ಬಿಡಿಸಲು ಹೋದವಳು ಸಂಕ್ರಾಂತಿ ಕಳೆದರೂ ಬರಲಿಲ್ಲ. ಪರೀಕ್ಷೆಗೆ ಕೂರುವವರ ಪಟ್ಟಿ ಕಳಿಸುವ ಹೊತ್ತು. ಹಾಜರಿ ಸಾಲದೆಂಬುದು ನೆಪ. ಫೇಲಾದಾಳೆಂಬುದು ನಿಜವಾದ ಭಯ. ಅವಳಂಥ ಇನ್ನೂ ಕೆಲವರಿದ್ದರು. ಎಲ್ಲರ ಹೆಸರಿನ ಮೇಲೂ ಕೆಂಪು ಶಾಯಿಯಲ್ಲಿ ಗೆರೆ ಎಳೆದು 'ಹೆಸರು ಕಡಿಮೆ ಮಾಡಿದೆ' ಎಂದು ಬರೆದೆ. ಯಾರೂ ನನ್ನನ್ನು ಒತ್ತಾಯಿಸಲಿಲ್ಲ, ಯಾರೂ ತಡೆಯಲೂ ಇಲ್ಲ.

ಮಾರ್ಚಿನಲ್ಲಿ ಅವಳು ಬಂದಳು. ಕೈಬೆರಳುಗಳ ತುಂಬ ಹತ್ತಿಕಾಯಿಯ ಗೀರು. ಬಾಗಿಲಲ್ಲಿ ನಿಂತು, 'ಸರ, ನನ್ನ ನಂಬರ್ ಬಂದೈತೇನ್ರಿ?' ಎಂದು ಕೇಳಿದಳು. ಮುಂದಿನ ವರ್ಷ ಬಾರವ್ವ ಅಂದೆ. ತಲೆಯಾಡಿಸಿ ಹೋದಳು. ಮುಂದಿನ ವರ್ಷ ಆ ಶೆಡ್ಡು ಅಲ್ಲಿರಲಿಲ್ಲ, ಗುತ್ತಿಗೆ ಮುಗಿದಿತ್ತು. ನಮ್ಮ ಶಾಲೆಗೆ ಆ ಸಲ ನೂರಕ್ಕೆ ನೂರು. ನನಗೊಂದು ಶಾಲು ಹೊದಿಸಿದರು.

ಆಮೇಲೆ ಎಷ್ಟೋ ಬದಲಾಯಿತು. ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮಕ್ಕೆ ಕರ್ನಾಟಕದಲ್ಲಿ ಮೊದಲು ಆರಿಸಿದ ನಾಲ್ಕು ಜಿಲ್ಲೆಗಳಲ್ಲಿ ರಾಯಚೂರೂ ಒಂದು. ಹೊಸ ಕೋಣೆಗಳು, ಹೊಸ ಶಿಕ್ಷಕರು ಬಂದರು. 2002ರಲ್ಲಿ ಅಕ್ಷರ ದಾಸೋಹ ಮೊದಲು ಶುರುವಾದದ್ದೂ ನಮ್ಮಂಥ ಏಳು ಜಿಲ್ಲೆಗಳಲ್ಲಿಯೇ. ಬಿಸಿಯೂಟದ ಪಾತ್ರೆಯ ಮುಂದೆ ಸಾಲು ನಿಂತ ಮಕ್ಕಳನ್ನು ನೋಡಿದಾಗ, ಈ ಅನ್ನ ಒಂಬತ್ತು ವರ್ಷ ಮೊದಲೇ ಬಂದಿದ್ದರೆ ಎಂದು ನನಗೆ ಅನಿಸಿತ್ತು. ಅದೇ ವರ್ಷ ಡಾ. ನಂಜುಂಡಪ್ಪ ಸಮಿತಿಯ ವರದಿ ಅತ್ಯಂತ ಹಿಂದುಳಿದ 39 ತಾಲ್ಲೂಕುಗಳನ್ನು ಗುರುತಿಸಿತು. ದೇವದುರ್ಗ, ಮಾನ್ವಿ ಎರಡೂ ಅದರಲ್ಲಿದ್ದವು. ಆದರೂ 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ. 75 ದಾಟಿದ್ದಾಗ ನಮ್ಮ ಜಿಲ್ಲೆಯದು ಶೇ. 60ನ್ನು ಮುಟ್ಟಿರಲಿಲ್ಲ, ಹೆಂಗಸರಲ್ಲಿ ಅರ್ಧದಷ್ಟು ಮಂದಿಗೂ ಓದುಬರಹ ಇರಲಿಲ್ಲ. ಆ ಲೆಕ್ಕದ ಓದು ಬಾರದವರಲ್ಲಿ ನಾನು ಗೆರೆ ಎಳೆದವರು ಎಷ್ಟು ಮಂದಿಯೋ. ಅವಳಿಗಂತೂ ಓದು ಬರುತ್ತಿತ್ತು. ಅವಳ ಮಗಳು ಶಾಲೆಗೆ ಹೋದಳೇ?

ಫಲಿತಾಂಶದ ಪಟ್ಟಿ ಸುಳ್ಳು ಹೇಳುವುದಿಲ್ಲ, ಆದರೆ ಅದು ಪರೀಕ್ಷೆಗೆ ಕೂತವರನ್ನು ಮಾತ್ರ ಎಣಿಸುತ್ತದೆ. ಒಂದನೆಯ ತರಗತಿಯ ದಾಖಲಾತಿಯಲ್ಲಿ ಎರಡು ಪುಟ ತುಂಬಿದ್ದ ಹೆಸರುಗಳು ನಮ್ಮಲ್ಲಿ ಏಳನೆಯದಕ್ಕೆ ಬರುವಷ್ಟರಲ್ಲಿ ಅರ್ಧ ಪುಟವಾಗುತ್ತಿದ್ದವು. ಉಳಿದ ಒಂದೂವರೆ ಪುಟಕ್ಕೆ ಶೇಕಡಾವಾರು ಇಲ್ಲ. ಗುಳೆ ಹೋಗಿ ಬಂದ ಮಗುವನ್ನು ಮತ್ತೆ ಕೂರಿಸಿಕೊಂಡು, ಕೈಹಿಡಿದು ಬರೆಸಿ, ಕೊನೆಗೆ ಶೇ. 60 ಫಲಿತಾಂಶ ತಂದ ಮಾಸ್ತರನ್ನು ನಾನು ನೋಡಿದ್ದೇನೆ. ಅವನಿಗೆ ಸಿಕ್ಕಿದ್ದು ನೋಟೀಸು.

ಈಗ ಯಾರಾದರೂ ಕಿರಿಯ ಶಿಕ್ಷಕರು ಪೇಡೆ ಹಿಡಿದು ಬಂದು, 'ಈ ಸಲ ನಮ್ಮ ಶಾಲೆ ನೂರಕ್ಕೆ ನೂರು ಸರ' ಎಂದರೆ ಸಂತೋಷದಿಂದಲೇ ಪೇಡೆ ತಿನ್ನುತ್ತೇನೆ. ಆಮೇಲೆ ಒಂದೇ ಒಂದು ಮಾತು ಕೇಳುತ್ತೇನೆ: 'ಒಂದನೇತ್ತಾಗ ಎಷ್ಟ್ ಮಂದಿ ಇದ್ರಪಾ?'